ಡಿಜಿಟಲ್ ಶಿಲ್ಪ ಮಾಡಿ ಎಲ್ಲಿ ಇಡುದು? ಬ್ರೌಸರಾ, ಸೆಕೆಂಡ್ ಲೈಫಾ, ಓಪನ್‌ಸಿಮ್ಮಾ, ವಿಆರ್‌ಚಾಟಾ

ನಮ್ಮ ಮಂಗ್ಳೂರು ಉಡುಪಿ ಕಡೆ ಕಂಪ್ಯೂಟರಲ್ಲಿ ಶಿಲ್ಪ ಮಾಡುವವರು ಈಗ ಅಲ್ಲಲ್ಲಿ ಸಿಗ್ತಾರೆ, ಆರ್ಟ್ ಕಲಿತವರು, ಮಣಿಪಾಲದ ಇಂಜಿನಿಯರಿಂಗ್ ಮಕ್ಕಳು, ಚೌತಿಗೆ ಮಣ್ಣಿನ ಗಣಪತಿ ಮಾಡುವ ಮನೆಯ ಹುಡುಗರು ಎಲ್ಲ ಇದ್ದಾರೆ. ಎಲ್ರೂ ಕೇಳುದು ಒಂದೇ, ಶಿಲ್ಪ ಮಾಡುವ ಸಾಫ್ಟ್‌ವೇರಲ್ಲಿ ಬ್ಲೆಂಡರ್ ಕಲಿಯುದಾ ಝೀಬ್ರಷ್ ಕಲಿಯುದಾ ಅಂತ. ನಾನು ಹೇಳುದು ಅದು ಎರಡನೇ ಪ್ರಶ್ನೆ ಮಾರಾಯ್ರೆ. ಮೊದಲು ಕೇಳ್ಬೇಕಾದ್ದು ಮಾಡಿದ್ದನ್ನು ಎಲ್ಲಿ ಇಡ್ತೀರಿ, ಯಾರು ನೋಡ್ಬೇಕು, ಅವರ ಕೈಯಲ್ಲಿ ಎಂತ ಉಂಟು, ಮೊಬೈಲಾ ಲ್ಯಾಪ್‌ಟಾಪಾ ಹೆಡ್‌ಸೆಟ್ಟಾ. ಯಾಕಂದ್ರೆ ಶಿಲ್ಪ ಎಷ್ಟು ದೊಡ್ಡದಿರಬೇಕು, ಅದರ ಮೈಯನ್ನು ಕಟ್ಟುವ ಸಣ್ಣ ಸಣ್ಣ ತ್ರಿಕೋನ ಎಷ್ಟು ಇರಬಹುದು, ಯಾವ ಫೈಲ್ ಫಾರ್ಮ್ಯಾಟ್, ಬೆಳಕು ಎಲ್ಲಿಂದ, ಇದೆಲ್ಲ ತೀರ್ಮಾನ ಆಗುದು ಇಡುವ ಜಾಗದಿಂದ. ಕಾರ್ಕಳದಲ್ಲಿ ಶಿಲ್ಪಿಗಳಿಗೆ ಆರ್ಡರ್ ಕೊಡ್ವಾಗಲೂ ಗರ್ಭಗುಡಿಗಾ, ಸರ್ಕಲಿಗಾ, ಮನೆ ಎದುರಿಗಾ ಅಂತ ಮೊದಲು ಹೇಳ್ಬೇಕಾಗ್ತದಲ್ಲ, ಇಲ್ಲಿಯೂ ಹಾಗೆಯೇ.

ಜಾಗ ಅಂತ ಬಂದ್ರೆ ನಾನು ನಾಲ್ಕು ದಾರಿ ಹೋಲಿಸ್ತೇನೆ. ಒಂದು ಬ್ರೌಸರ್, ಅಂದ್ರೆ ಸ್ಕೆಚ್‌ಫ್ಯಾಬ್ ಅನ್ನುವ ಸೈಟ್ ಅಥವಾ ನಿಮ್ಮದೇ ಒಂದು ಸಣ್ಣ ಪೇಜ್. ಇನ್ನೊಂದು ಸೆಕೆಂಡ್ ಲೈಫ್, ಅವತಾರ ಅಂದ್ರೆ ನಮ್ಮದೇ ಒಂದು ಗೊಂಬೆ ರೂಪದಲ್ಲಿ ಒಳಗೆ ಹೋಗಿ ತಿರುಗಾಡುವ ಆನ್‌ಲೈನ್ ಲೋಕ. ಅದರದ್ದೇ ಜಾತಿಯ ಓಪನ್‌ಸಿಮ್ಯುಲೇಟರ್, ಅಂದ್ರೆ ಓಪನ್‌ಸಿಮ್, ಮೂರನೇದು. ನಾಲ್ಕನೇದು ವಿಆರ್‌ಚಾಟ್, ವಿಆರ್ ಹೆಡ್‌ಸೆಟ್ ಹಾಕಿ ಜನ ಸೇರುವ ಲೋಕ.

ಬ್ರೌಸರ್ ದಾರಿ ಎಲ್ಲಕ್ಕಿಂತ ಸುಲಭ. ಸ್ಕೆಚ್‌ಫ್ಯಾಬ್ 2012ರಲ್ಲಿ ಪ್ಯಾರಿಸಲ್ಲಿ ಶುರುವಾದದ್ದು, 2021ರಲ್ಲಿ ಎಪಿಕ್ ಗೇಮ್ಸ್‌ನವರು ತಗೊಂಡ್ರು. ಫ್ರೀ ಅಕೌಂಟ್ ಮಾಡಿ ಮಾಡೆಲ್ ಹಾಕಿದ್ರೆ ಒಂದು ಲಿಂಕ್ ಸಿಗ್ತದೆ, ಅದನ್ನು ವಾಟ್ಸಾಪಲ್ಲಿ ಕಳಿಸಿದ್ರೆ ಕುಂದಾಪುರದ ಅಜ್ಜಿಯೂ ಬೆರಳಲ್ಲಿ ತಿರುಗಿಸಿ ನೋಡಬಹುದು, ಆ್ಯಪ್ ಇನ್‌ಸ್ಟಾಲ್ ಮಾಡುದೂ ಬೇಡ, ಅಕೌಂಟೂ ಬೇಡ. ಶಿಲ್ಪದ ಮೇಲೆ ಅಲ್ಲಲ್ಲಿ ನಂಬರ್ ಹಾಕಿ, ಇದು ಕಿರೀಟ, ಇದು ಹೀಗೆ ಕೆತ್ತಿದ್ದು ಅಂತ ಟಿಪ್ಪಣಿ ಬರೀಲಿಕ್ಕೂ ಆಗ್ತದೆ. ಆದ್ರೆ ಅಲ್ಲಿ ನೋಡುವವ ಒಬ್ಬನೇ. ಪಕ್ಕದಲ್ಲಿ ಇನ್ನೊಬ್ಬ ನಿಂತು "ಇದೆಂತ ಹೀಗುಂಟು" ಅಂತ ಕೇಳುದು ಇಲ್ಲ. ಶಿಲ್ಪವೂ ಯಾವುದೋ ಶೂನ್ಯದಲ್ಲಿ ತಿರುಗ್ತಾ ಇರ್ತದೆ, ನೆಲ ಇಲ್ಲ ಗೋಡೆ ಇಲ್ಲ. ಪೋರ್ಟ್‌ಫೋಲಿಯೋಗೆ ಇದು ತುಂಬ ಒಳ್ಳೆದು, ಪ್ರದರ್ಶನ ಅಂತ ಹೇಳ್ಲಿಕ್ಕೆ ನನಗೆ ಮನಸ್ಸು ಬರುದಿಲ್ಲ.

ಸ್ವಲ್ಪ ಕೋಡ್ ಗೊತ್ತಿದ್ರೆ ನಿಮ್ಮದೇ ಪೇಜ್ ಮಾಡುದು ಇನ್ನೂ ಒಳ್ಳೆದು. ಗೂಗಲಿನ ಮಾಡೆಲ್ ವ್ಯೂವರ್ ಅಂತ ಉಂಟು, ನಾಲ್ಕು ಸಾಲು ಬರೆದು ಒಂದು ಜಿಎಲ್‌ಬಿ (ಶಿಲ್ಪ, ಬಣ್ಣ ಎಲ್ಲ ಒಟ್ಟಿಗಿರುವ) ಫೈಲ್ ಕೊಟ್ರೆ ಆಯ್ತು, ಆಂಡ್ರಾಯ್ಡ್ ಫೋನಲ್ಲಿ ಎಆರ್ ಬಟನ್ ಒತ್ತಿದ್ರೆ ಶಿಲ್ಪ ನಿಮ್ಮ ಮನೆ ಅಂಗಳದಲ್ಲೇ ನಿಂತ ಹಾಗೆ ಕಾಣ್ತದೆ. ಕೋಣೆ ಕೋಣೆಯಾಗಿ ನಡೆದು ನೋಡುವ ಹಾಗೆ ಬೇಕಾದ್ರೆ ಎ-ಫ್ರೇಮ್ ಅನ್ನುವ ರೆಡಿಮೇಡ್ ಕೋಡ್ ಉಂಟು, ಅದು 2015ರಲ್ಲಿ ಮೊಝಿಲ್ಲಾದವರು ಶುರು ಮಾಡಿದ್ದು, ಅದೂ ಫ್ರೀ. ಗಿಟ್‌ಹಬ್ ಪೇಜಸಲ್ಲಿ ಇಟ್ರೆ ಹೋಸ್ಟಿಂಗಿಗೂ ದುಡ್ಡು ಬೇಡ. ನೋಡುವವರು ಮೊಬೈಲ್ ಡೇಟಾದಲ್ಲಿ ನೋಡುದು ಅಂತ ನೆನಪಿರಲಿ, ನನ್ನ ಲೆಕ್ಕದಲ್ಲಿ ಒಂದು ಶಿಲ್ಪ 10 ಎಂಬಿ ದಾಟಬಾರದು, ಬ್ಲೆಂಡರಿಂದ ಎಕ್ಸ್‌ಪೋರ್ಟ್ ಮಾಡ್ವಾಗ ಡ್ರಾಕೋ ಕಂಪ್ರೆಶನ್ ಟಿಕ್ ಮಾಡಿದ್ರೆ ಫೈಲ್ ಎಷ್ಟೋ ಇಳೀತದೆ.

ಈಗ ಸೆಕೆಂಡ್ ಲೈಫ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಹಳೇದು ಅಂತ ತುಂಬ ಜನ ಇದನ್ನು ನೋಡುದೇ ಇಲ್ಲ. 2003ರಲ್ಲಿ ಲಿಂಡೆನ್ ಲ್ಯಾಬ್‌ನವರು ತೆರೆದದ್ದು, ಇವತ್ತಿಗೂ ನಡೀತಾ ಉಂಟು. ಮೊದಲು ಅಲ್ಲಿ ಪ್ರಿಮ್ ಅಂತ ಡಬ್ಬಿ, ಗೋಳ, ಕೊಳವೆ ಇಂಥದ್ದನ್ನೇ ಜೋಡಿಸಿ ಎಲ್ಲ ಕಟ್ಬೇಕಿತ್ತು, 2007ರಲ್ಲಿ ಸ್ಕಲ್ಪ್ಟೆಡ್ ಪ್ರಿಮ್ ಬಂತು, 2011ರಲ್ಲಿ ಮೆಶ್, ಅಂದ್ರೆ ತ್ರಿಕೋನಗಳಿಂದ ಹೆಣೆದ ಮಾಡೆಲ್, ಅಪ್‌ಲೋಡ್ ಮಾಡ್ಲಿಕ್ಕೆ ಬಂತು, ಆಮೇಲೆ ಹೊರಗೆ ಮಾಡಿದ ಶಿಲ್ಪವನ್ನು ಹಾಗೆಯೇ ಒಳಗೆ ತರುವ ದಾರಿ ಆಯ್ತು. ಕಲೆಯ ಇತಿಹಾಸವೂ ಉಂಟು ಅಲ್ಲಿ. ಚೀನಾದ ಕಲಾವಿದೆ ಸಾವ್ ಫೇ ಆರ್‌ಎಂಬಿ ಸಿಟಿ ಅಂತ ಒಂದು ಇಡೀ ನಗರವನ್ನೇ ಕಟ್ಟಿ 2009ರಲ್ಲಿ ಜನರಿಗೆ ತೆರೆದು 2011ರವರೆಗೆ ನಡೆಸಿದ್ರು. ಬ್ರಿನ್ ಓ ಅಂತ ಅವತಾರದ ಹೆಸರಲ್ಲೇ ಕೆಲಸ ಮಾಡುವ ಕೆನಡಾದ ಕಲಾವಿದರು ಕಥೆ ಹೇಳುವ ದೊಡ್ಡ ದೊಡ್ಡ ಶಿಲ್ಪಲೋಕಗಳನ್ನು ಮಾಡಿದ್ದಾರೆ, ನಡೀತಾ ನಡೀತಾ ಕಥೆ ಬಿಚ್ಕೊಳ್ತಾ ಹೋಗ್ತದೆ. ಲಿಂಡೆನ್‌ನವರೇ 2010ರಿಂದ 2019ರವರೆಗೆ ಕಲಾವಿದರಿಗೆ ಫ್ರೀಯಾಗಿ ಜಾಗ ಕೊಡುವ ಒಂದು ಯೋಜನೆಯನ್ನೂ ನಡೆಸಿದ್ರು. ಅಂದ್ರೆ ಶಿಲ್ಪ ನೋಡ್ಲಿಕ್ಕೆ ಅಂತಲೇ ಬರುವ ಪ್ರೇಕ್ಷಕರು ಅಲ್ಲಿ ಮೊದಲಿಂದಲೂ ಇದ್ದಾರೆ, ಅದು ಬೇರೆ ಕಡೆ ಅಷ್ಟು ಸುಲಭಕ್ಕೆ ಸಿಗುದಿಲ್ಲ.

ಆದ್ರೆ ಅಲ್ಲಿಯ ಲೆಕ್ಕಾಚಾರ ಬೇರೆ. ಮೆಶ್ ಅಪ್‌ಲೋಡಿಗೆ ಲಿಂಡೆನ್ ಡಾಲರ್, ಅಂದ್ರೆ ಅಲ್ಲಿಯದ್ದೇ ದುಡ್ಡು, ಕೊಡ್ಬೇಕು. ಇಟ್ಟ ಮೇಲೆ ಲ್ಯಾಂಡ್ ಇಂಪ್ಯಾಕ್ಟ್ ಅಂತ ಉಂಟು, ನಿಮ್ಮ ಜಾಗಕ್ಕೆ ಇಷ್ಟೇ ಅಂತ ಲಿಮಿಟ್ ಇರ್ತದೆ, ಪ್ರತಿ ವಸ್ತು ಅದರಲ್ಲಿ ಒಂದು ಪಾಲು ತಿಂತದೆ. ಹೊಸಬರಿಗೆ ಅರ್ಥ ಆಗದ್ದು ಎಂತ ಅಂದ್ರೆ ಅದೇ ಶಿಲ್ಪವನ್ನು ಎಳೆದು ದೊಡ್ಡದು ಮಾಡಿದ್ರೂ ಲ್ಯಾಂಡ್ ಇಂಪ್ಯಾಕ್ಟ್ ಏರ್ತದೆ, ದೊಡ್ಡ ವಸ್ತು ದೂರದಿಂದಲೇ ಪೂರ್ತಿ ವಿವರದಲ್ಲಿ ಕಾಣ್ಬೇಕಾಗ್ತದೆ ಅಲ್ವಾ, ಅದಕ್ಕೆ. ಮತ್ತೆ ಎಲ್‌ಒಡಿ, ಒಂದೇ ಶಿಲ್ಪಕ್ಕೆ ನಾಲ್ಕು ಹಂತದ ಮೆಶ್ ಕೊಡ್ಬೇಕು, ಹತ್ತಿರಕ್ಕೆ ಪೂರ್ತಿ ವಿವರ, ದೂರ ಹೋದ ಹಾಗೆ ಕಮ್ಮಿ ಕಮ್ಮಿ. ಕೆಲವರು ಖರ್ಚು ಉಳಿಸ್ಲಿಕ್ಕೆ ಕೆಳಗಿನ ಹಂತಗಳನ್ನು ಸೊನ್ನೆ ಹತ್ತಿರ ಇಡ್ತಾರೆ, ಆಗ ನಾಲ್ಕು ಹೆಜ್ಜೆ ಹಿಂದೆ ಹೋದ್ರೆ ಮೂರ್ತಿಯ ಮುಖ ಮೂರು ತ್ರಿಕೋನ ಆಗಿ ಬಿಡ್ತದೆ. ಶಿಲ್ಪ ನೋಡುವವ ಹಿಂದೆ ಮುಂದೆ ನಡೆದೇ ನೋಡುದು, ಹಾಗಾಗಿ ಇದರಲ್ಲಿ ಉಳಿತಾಯ ಮಾಡಬಾರದು, ನಡುವಿನ ಹಂತವನ್ನು ಬ್ಲೆಂಡರಲ್ಲಿ ನೀವೇ ಮಾಡಿ ಕೊಡಿ, ಅಪ್‌ಲೋಡರ್ ತಾನಾಗಿ ಮಾಡಿದ್ದನ್ನು ನಂಬಬೇಡಿ. ಇನ್ನೊಂದು ಫಿಸಿಕ್ಸ್, ಅಂದ್ರೆ ಅವತಾರ ಎಲ್ಲಿ ತಾಗಬೇಕು, ಎಲ್ಲಿ ಹಾದು ಹೋಗಬೇಕು ಅನ್ನುವ ಲೆಕ್ಕ. ಕಮಾನು, ಗುಹೆ, ಒಳಗೆ ಹೋಗುವ ಶಿಲ್ಪ ಮಾಡಿದ್ರೆ ಅದಕ್ಕೆ ಪ್ರತ್ಯೇಕ ಫಿಸಿಕ್ಸ್ ಮೆಶ್ ಕೊಟ್ಟು, ಆಮೇಲೆ ವಸ್ತುವಿನ ಫಿಸಿಕ್ಸ್ ಶೇಪನ್ನು ಪ್ರಿಮ್ ಅಂತ ಬದಲಿಸ್ಬೇಕು, ಇಲ್ಲದಿದ್ರೆ ಅದು ಇಡೀ ಶಿಲ್ಪಕ್ಕೆ ಹೊರಗಿಂದ ಒಂದು ಹೊದಿಕೆ ಸುತ್ತಿದ ಹಾಗೆ ಲೆಕ್ಕ ಹಾಕ್ತದೆ, ಬಾಗಿಲು ಕಣ್ಣಿಗೆ ಕಾಣ್ತದೆ, ಒಳಗೆ ಹೋಗ್ಲಿಕ್ಕೆ ಆಗುದಿಲ್ಲ.

ದುಡ್ಡು ಹಾಕುವ ಮೊದಲು ಎರಡು ಅನುಕೂಲ ಉಂಟು. ಅದಿತಿ ಅಂತ ಲಿಂಡೆನ್‌ನವರದ್ದೇ ಟೆಸ್ಟ್ ಗ್ರಿಡ್ (ಪರೀಕ್ಷೆಗೆ ಇಟ್ಟ ಲೋಕ), ಅಲ್ಲಿ ಖರ್ಚಿಲ್ಲದೆ ಅಪ್‌ಲೋಡ್ ಮಾಡಿ ಲ್ಯಾಂಡ್ ಇಂಪ್ಯಾಕ್ಟ್ ಎಷ್ಟು ಬರ್ತದೆ ನೋಡಬಹುದು. ಮತ್ತೆ ಸ್ಯಾಂಡ್‌ಬಾಕ್ಸ್ ಜಾಗಗಳು, ಅಲ್ಲಿ ಯಾರು ಬೇಕಾದ್ರೂ ಇಟ್ಟು ನೋಡಬಹುದು, ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ನಿಮ್ಮ ಇನ್ವೆಂಟರಿಗೆ ವಾಪಸ್ ಬರ್ತದೆ. ಪ್ರದರ್ಶನಕ್ಕೆ ಜಾಗ ಬಾಡಿಗೆಗೆ ತಗೊಳ್ಳುದಕ್ಕಿಂತ ಮೊದಲು ಅಲ್ಲಿಯ ಗ್ಯಾಲರಿಗಳಿಗೆ ಹೋಗಿ ಕ್ಯುರೇಟರ್ ಹತ್ರ ಮಾತಾಡಿ, ಹೊಸಬರಿಗೆ ಮೂಲೆಯಲ್ಲಿ ಜಾಗ ಕೊಡುವವರು ಇರ್ತಾರೆ.

ಒಂದು ಟೆಕ್ನಿಕಲ್ ವಿಷಯ, ಸೆಕೆಂಡ್ ಲೈಫಿಗೆ ಹಿಂದಿನಿಂದ ಮೆಶ್ ಹೋಗುದು ಕೊಲಾಡಾ ಫಾರ್ಮ್ಯಾಟಲ್ಲಿ, ಬ್ಲೆಂಡರಿನವರು 5.0 ವರ್ಷನಲ್ಲಿ ಕೊಲಾಡಾವನ್ನೇ ತೆಗೆದು ಹಾಕಿದ್ದಾರೆ. ಹಾಗಾಗಿ ಈ ದಾರಿ ಹಿಡಿದ್ರೆ 4.5 ಎಲ್‌ಟಿಎಸ್ (ಹೆಚ್ಚು ಕಾಲ ಸಪೋರ್ಟ್ ಇರುವ ವರ್ಷನ್) ಒಂದು ಪಕ್ಕದಲ್ಲಿ ಇನ್‌ಸ್ಟಾಲ್ ಮಾಡಿ ಇಟ್ಕೊಳ್ಳಿ, ಎರಡೂ ಒಟ್ಟಿಗೆ ಇರ್ತವೆ, ಗಲಾಟೆ ಇಲ್ಲ.

ಓಪನ್‌ಸಿಮ್ 2007ರಲ್ಲಿ ಶುರುವಾದ ಓಪನ್ ಸೋರ್ಸ್ ಪ್ರಾಜೆಕ್ಟ್, ನಡೆಯುದು ಹಾರುದು ಕಟ್ಟುದು ಎಲ್ಲ ಸೆಕೆಂಡ್ ಲೈಫ್ ಹಾಗೆಯೇ, ಆದ್ರೆ ನಿಮ್ಮ ಕಂಪ್ಯೂಟರಲ್ಲೇ ಓಡಿಸಬಹುದು, ಅಪ್‌ಲೋಡಿಗೆ ದುಡ್ಡಿಲ್ಲ, ಜಾಗಕ್ಕೆ ಬಾಡಿಗೆ ಇಲ್ಲ. ಇದರ ದೊಡ್ಡ ಗುಣ ಓಎಆರ್ ಫೈಲ್, ಇಡೀ ಪ್ರದೇಶವನ್ನು, ನೆಲ ಗುಡ್ಡ ಶಿಲ್ಪ ಎಲ್ಲ ಸೇರಿಸಿ, ಒಂದೇ ಫೈಲಾಗಿ ಉಳಿಸಿ ಇಟ್ಟುಕೊಳ್ಳಬಹುದು. ಸೆಕೆಂಡ್ ಲೈಫಲ್ಲಿ ಹಾಗೆ ಇಲ್ಲ, ಬಾಡಿಗೆ ನಿಲ್ಲಿಸಿದ್ರೆ ವಸ್ತುಗಳು ವಾಪಸ್ ಬರ್ತವೆ, ಅವನ್ನು ಜೋಡಿಸಿದ ಜಾಗ ಹೋಗ್ತದೆ. ಕಷ್ಟ ಎಲ್ಲಿ ಅಂದ್ರೆ ಮನೆಯ ಬ್ರಾಡ್‌ಬ್ಯಾಂಡಲ್ಲಿ ಹೊರಗಿನವರು ಒಳಗೆ ಬರ್ಬೇಕಾದ್ರೆ ಪಬ್ಲಿಕ್ ಐಪಿ (ಹೊರಗಿಂದ ನೇರ ತಲುಪುವ ಇಂಟರ್ನೆಟ್ ವಿಳಾಸ) ಬೇಕು, ಪೋರ್ಟ್ ತೆರೀಬೇಕು, ಜೊತೆಗೆ ಜೂನ್ ಜುಲೈಯಲ್ಲಿ ನಮ್ಮ ಕಡೆ ಗಾಳಿ ಮಳೆಗೆ ಕರೆಂಟ್ ಹೋದ್ರೆ ಪ್ರದರ್ಶನವೇ ಬಂದ್. ಕಾಲೇಜಿನ ಲ್ಯಾಬಲ್ಲಿ ಯುಪಿಎಸ್ ಇರುವ ಒಂದು ಕಂಪ್ಯೂಟರ್ ಸಿಕ್ಕಿದ್ರೆ, ಕ್ಲಾಸಿನವರೆಲ್ಲ ಸೇರಿ ಒಂದು ಶಿಲ್ಪವನ ಮಾಡುದಿದ್ರೆ, ಇದಕ್ಕಿಂತ ಒಳ್ಳೆ ಆಯ್ಕೆ ಇಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೇನೆ. ಒಬ್ಬರೇ ಇದ್ರೆ ಅಷ್ಟು ಶ್ರಮ ಬೇಡ.

ವಿಆರ್‌ಚಾಟಲ್ಲಿ ಜನ ತುಂಬ, ಯುವಕರು ಜಾಸ್ತಿ. 2017ರಿಂದ ಸ್ಟೀಮಲ್ಲಿ ಉಂಟು, ಫ್ರೀ, ಹೆಡ್‌ಸೆಟ್ ಇಲ್ಲದೆ ಪಿಸಿಯಲ್ಲೂ ಆಂಡ್ರಾಯ್ಡ್ ಫೋನಲ್ಲೂ ಹೋಗಬಹುದು. ಆದ್ರೆ ಶಿಲ್ಪ ಮಾತ್ರ ಇಟ್ರೆ ಆಗುದಿಲ್ಲ, ಇಡೀ ವರ್ಲ್ಡನ್ನು ನೀವೇ ಯೂನಿಟಿ ಅನ್ನುವ ಗೇಮ್ ಮಾಡುವ ಸಾಫ್ಟ್‌ವೇರಲ್ಲಿ ಕಟ್ಬೇಕು, ಅಂದ್ರೆ ಬ್ಲೆಂಡರ್ ಕಲಿತ ಮೇಲೆ ಯೂನಿಟಿಯನ್ನೂ ಕಲೀಬೇಕು. ಹೊಸ ಅಕೌಂಟಿಂದ ಕೂಡಲೇ ಅಪ್‌ಲೋಡ್ ಮಾಡ್ಲಿಕ್ಕೂ ಬಿಡುದಿಲ್ಲ, ಸ್ವಲ್ಪ ಸಮಯ ಅಲ್ಲಿ ಓಡಾಡಿ ಜನರೊಟ್ಟಿಗೆ ಸೇರಿದ ಮೇಲೆ ರ್‍ಯಾಂಕ್ ಏರ್ತದೆ, ಆಮೇಲೆ ಅನುಮತಿ. ಪಬ್ಲಿಕ್ ಮಾಡುದು ಅಂದ್ರೆ ಮೊದಲು ಕಮ್ಯುನಿಟಿ ಲ್ಯಾಬ್ಸ್ ಅಂತ ಒಂದು ಹಂತದಲ್ಲಿ ಇಟ್ಟು ಜನ ಹೇಗೆ ನೋಡ್ತಾರೆ ಅಂತ ಪರೀಕ್ಷೆ ಆಗ್ಬೇಕು. ಕ್ವೆಸ್ಟ್ ಹೆಡ್‌ಸೆಟ್ಟಿನವರೂ ಬರ್ಬೇಕಾದ್ರೆ ವರ್ಲ್ಡ್ 100 ಎಂಬಿ ಒಳಗೆ ಇರಬೇಕು. ಬೆಳಕನ್ನು ಮೊದಲೇ ಬೇಕ್ ಮಾಡಿ, ಅಂದ್ರೆ ಲೆಕ್ಕ ಹಾಕಿ ಮೇಲ್ಮೈಗೆ ಅಚ್ಚು ಹಾಕಿ, ಇಡ್ಬೇಕು, ನಿಜವಾಗಿ ಓಡುವ ಲೈಟ್ ನಾಲ್ಕೈದು ಇಟ್ರೆ ಹೆಡ್‌ಸೆಟ್ಟಲ್ಲಿ ತಡವರಿಸ್ತದೆ, ನೋಡುವವರಿಗೆ ತಲೆ ತಿರುಗ್ತದೆ.

ಇಷ್ಟೆಲ್ಲ ಕಷ್ಟ ಇದ್ರೂ ವಿಆರ್‌ಚಾಟಿಗೆ ಒಂದು ಗುಣ ಉಂಟು, ಬೇರೆ ಯಾವುದೂ ಅದನ್ನು ಇಷ್ಟು ಚೆನ್ನಾಗಿ ಕೊಡುದಿಲ್ಲ, ಅಳತೆ. ಕಾರ್ಕಳದ ಗೊಮ್ಮಟ ನೋಡಿ, 1432ರದ್ದು, ಸುಮಾರು 42 ಅಡಿ. ವೇಣೂರಿನದ್ದು 1604ರದ್ದು, ಅದಕ್ಕಿಂತ ಗಿಡ್ಡ. ಫೋಟೋದಲ್ಲಿ ಎರಡೂ ಒಂದೇ ಗಾತ್ರ ಕಾಣ್ತದೆ, ಮೆಟ್ಟಿಲು ಹತ್ತಿ ಪಾದದ ಹತ್ರ ನಿಂತು ಕತ್ತೆತ್ತಿದಾಗ ಮಾತ್ರ ಅದು ಎಂತ ಅಂತ ಗೊತ್ತಾಗುದು. ಹೆಡ್‌ಸೆಟ್ ಹಾಕಿಕೊಂಡು ವಿಆರ್‌ಚಾಟಲ್ಲಿ 13 ಮೀಟರಿನ ಮೂರ್ತಿ ಎದುರು ನಿಂತ್ರೆ ಆ ಕತ್ತೆತ್ತುವ ಅನುಭವ ಬರ್ತದೆ, ಯಾಕಂದ್ರೆ ಕಣ್ಣಿನ ಎತ್ತರ ನಿಮ್ಮದೇ. ಸೆಕೆಂಡ್ ಲೈಫಲ್ಲಿ ಅದೇ 13 ಮೀಟರ್ ಇಟ್ರೆ ಅಷ್ಟು ದೊಡ್ಡ ಅನ್ನಿಸುದಿಲ್ಲ. ಅಲ್ಲಿ ಕ್ಯಾಮೆರಾ ಅವತಾರದ ಹಿಂದೆ, ತಲೆಗಿಂತ ಮೇಲೆ ಇರ್ತದೆ, ಅವತಾರಗಳೂ ಎರಡು ಮೀಟರ್ ದಾಟಿ ಎತ್ತರ ಇರುದು ಸಾಮಾನ್ಯ, ಹಾಗಾಗಿ ನೋಡುವವ ಯಾವಾಗಲೂ ಸ್ವಲ್ಪ ಮೇಲಿಂದ ನೋಡಿದ ಹಾಗೆ. ಅಲ್ಲಿಗೆ ಮಾಡುದಾದ್ರೆ ಬೇಕಾದ್ದಕ್ಕಿಂತ ಕಾಲು ಭಾಗ, ಅರ್ಧ ಭಾಗ ದೊಡ್ಡದು ಮಾಡಿ ಇಟ್ಟು ನೋಡಿ, ಪಕ್ಕದಲ್ಲಿ ಒಂದು ಬಾಗಿಲೋ ಮೆಟ್ಟಿಲೋ ಇಡಿ, ಅಳತೆ ಕಣ್ಣಿಗೆ ಸಿಗ್ತದೆ. ಎಆರ್ ಇಲ್ಲದೆ ಬರೀ ಸ್ಕ್ರೀನಲ್ಲಿ ನೋಡುದಾದ್ರೆ ಬ್ರೌಸರಲ್ಲಂತೂ ಅಳತೆ ಅನ್ನುದೇ ಇಲ್ಲ, ಎರಡು ಬೆರಳಲ್ಲಿ ಝೂಮ್ ಮಾಡಿದ್ರೆ ಗೊಮ್ಮಟನೂ ಒಂದೇ, ಗೇರುಬೀಜವೂ ಒಂದೇ. ಹಾಗಾಗಿ ಸಣ್ಣ ಸೂಕ್ಷ್ಮ ಕೆಲಸ, ಮೊಗದ ಕುಸುರಿ, ಆಭರಣ, ಯಕ್ಷಗಾನದ ಕಿರೀಟದ ಹಾಗಿದ್ದು ಮಾಡುವವರಿಗೆ ಬ್ರೌಸರ್ ಸರಿ. ನಿಲುವು, ಭಾರ, ಎತ್ತರ ಇದರ ಮೇಲೆ ನಿಂತ ಕೆಲಸಕ್ಕೆ ಅದು ಅನ್ಯಾಯ ಮಾಡ್ತದೆ.

ಜಾಗ ಗೊತ್ತಾದ ಮೇಲೆ ಉಪಕರಣ. ಬ್ಲೆಂಡರ್ ಫ್ರೀ, ನಾಲ್ಕೂ ಜಾಗಕ್ಕೆ ಹೋಗುವ ದಾರಿ ಅದರಲ್ಲಿ ಉಂಟು, ಕೆತ್ತುದು, ಮೆಶ್ ಇಳಿಸುದು (ತ್ರಿಕೋನ ಕಮ್ಮಿ ಮಾಡುದು), ಬಣ್ಣ, ನಾರ್ಮಲ್ ಮ್ಯಾಪ್ (ಸಣ್ಣ ಉಬ್ಬು ತಗ್ಗನ್ನು ಚಿತ್ರದಲ್ಲಿ ಹಿಡಿದದ್ದು) ಬೇಕ್ ಮಾಡುದು, ಎಲ್ಲ ಒಂದರಲ್ಲೇ. ಝೀಬ್ರಷ್ ಕೆತ್ತುವ ಕೈಗೆ ಇನ್ನೂ ಹಿತ, ಕೋಟಿಗಟ್ಟಲೆ ಪಾಲಿಗನ್ (ತ್ರಿಕೋನ, ಚೌಕದ ತುಂಡು) ಆದ್ರೂ ಆರಾಮ ತಿರುಗ್ತದೆ, ಅದು ಪ್ರೊಸೆಸರ್ ಮೇಲೆ ಓಡುದರಿಂದ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನವರಿಗೂ ಆಗ್ತದೆ. ಆದ್ರೆ 2022ರಲ್ಲಿ ಮ್ಯಾಕ್ಸಾನ್ ಕೈಗೆ ಹೋದ ಮೇಲೆ ಈಗ ಸಬ್‌ಸ್ಕ್ರಿಪ್ಷನ್, ವರ್ಷ ವರ್ಷ ಕಟ್ಟುತ್ತಾ ಇರಬೇಕು. ಗೇಮ್ ಕಂಪೆನಿಗೆ ಕೆಲಸಕ್ಕೆ ಹೋಗುವ ಆಸೆ ಇದ್ರೆ ಕಲೀರಿ, ವರ್ಚುವಲ್ ಲೋಕದಲ್ಲಿ ಪ್ರದರ್ಶನ ಮಾತ್ರ ಗುರಿ ಆದ್ರೆ ಆ ದುಡ್ಡನ್ನು ಬೇರೆ ಎಲ್ಲಾದ್ರೂ ಹಾಕಿ, ಅಷ್ಟು ಕೋಟಿ ಪಾಲಿಗನ್ ಕಡೆಗೆ ಹೇಗೂ ಇಳಿಸ್ಲೇಬೇಕು. ನೋಮ್ಯಾಡ್ ಸ್ಕಲ್ಪ್ಟ್ ಆಂಡ್ರಾಯ್ಡ್ ಟ್ಯಾಬಲ್ಲೂ ಐಪ್ಯಾಡಲ್ಲೂ ಉಂಟು, ಒಂದೇ ಸಲ ದುಡ್ಡು ಕೊಟ್ರೆ ಸಾಕು, ಜಿಎಲ್‌ಬಿ ಎಕ್ಸ್‌ಪೋರ್ಟ್ ಮಾಡ್ತದೆ. ಮಣ್ಣಲ್ಲಿ ಕೈ ಪಳಗಿದವರಿಗೆ ಪೆನ್ ಹಿಡಿದು ಕೆತ್ತುದು ಮೌಸಿಗಿಂತ ಎಷ್ಟೋ ಬೇಗ ಒಗ್ತದೆ, ಅಂಥವರಿಗೆ ನಾನು ಇದನ್ನೇ ಹೇಳುದು. ಅದನ್ನು ಮಾಡಿದ ಸ್ಟೆಫಾನ್ ಜಿನಿಯೇ ಅವರದ್ದೇ ಸ್ಕಲ್ಪ್ಟ್‌ಜಿಎಲ್ ಬ್ರೌಸರಲ್ಲೇ ಫ್ರೀ ಸಿಗ್ತದೆ, ಇದು ನಮಗೆ ಆಗ್ತದಾ ಅಂತ ನೋಡ್ಲಿಕ್ಕೆ ಅದು ಸಾಕು.

ಮಣ್ಣು ಬಿಡ್ಲಿಕ್ಕೆ ಮನಸ್ಸಿಲ್ಲದವರಿಗೆ ಇನ್ನೊಂದು ದಾರಿ, ಮಣ್ಣಲ್ಲೇ ಮಾಡಿ ಫೋಟೋದಿಂದ ಸ್ಕ್ಯಾನ್ ಮಾಡುದು. ರಿಯಾಲಿಟಿಸ್ಕ್ಯಾನ್, ಪಾಲಿಕ್ಯಾಮ್ ಇಂಥ ಆ್ಯಪ್ ಫೋನಲ್ಲೇ ಉಂಟು. ಸುತ್ತ ಮೂರು ಎತ್ತರದಿಂದ, ಒಂದು ಫೋಟೋ ಇನ್ನೊಂದರ ಮೇಲೆ ಅರ್ಧಕ್ಕಿಂತ ಜಾಸ್ತಿ ಬೀಳುವ ಹಾಗೆ ತೆಗೀಬೇಕು. ನಮ್ಮ ಮಳೆಗಾಲದ ಮೋಡದ ಬೆಳಕು ಇದಕ್ಕೆ ಬಹಳ ಒಳ್ಳೆದು, ನೆರಳು ಗಟ್ಟಿ ಬೀಳುದಿಲ್ಲ, ಮಳೆ ಬಿಟ್ಟ ಹೊತ್ತಲ್ಲಿ ಚಾವಡಿಯ ಅಂಚಿಗೆ ಇಟ್ಟು ತೆಗೆದ್ರೆ ಸ್ಟುಡಿಯೋ ಬೇಡ. ಹಸಿ ಮಣ್ಣು ಹೊಳೀತದೆ, ಒಣಗಿದ ಮೇಲೆ ತೆಗೀರಿ. ಪಾಲಿಶ್ ಮಾಡಿದ ಕಪ್ಪು ಕಲ್ಲು, ಕಂಚು, ಎರಡಕ್ಕೂ ಈ ದಾರಿ ಆಗುದಿಲ್ಲ, ಹೊಳಪನ್ನು ನೋಡಿ ಸಾಫ್ಟ್‌ವೇರ್ ಗಲಿಬಿಲಿ ಆಗ್ತದೆ.

ಸ್ಕ್ಯಾನ್ ಅಂದ ಕೂಡಲೇ ಕೆಲವರ ಕಣ್ಣು ದೈವಸ್ಥಾನದ ಮೊಗ (ದೈವದ ಮುಖವಾಡ), ಮರದ ಉರು (ಮೂರ್ತಿ) ಇವುಗಳ ಮೇಲೆ ಹೋಗ್ತದೆ. ನಮ್ಮ ಉಡುಪಿ ಕಡೆಯ ಮೆಕ್ಕೆಕಟ್ಟಿನ ಮರದ ಭೂತ ಶಿಲ್ಪಗಳು ದಿಲ್ಲಿಯ ಕ್ರಾಫ್ಟ್ಸ್ ಮ್ಯೂಸಿಯಮಲ್ಲಿ ಇವೆ, ಅವನ್ನು ನೋಡಿ ಕಲೀಬೇಕು, ಆ ಕಣ್ಣು, ಆ ನಿಲುವು, ಶಿಲ್ಪ ಮಾಡುವ ಯಾರಿಗೂ ಪಾಠ. ಆದ್ರೆ ಪೂಜೆಯಲ್ಲಿರುವ ಮೊಗವನ್ನು ಸ್ಕ್ಯಾನ್ ಮಾಡಿ ಆನ್‌ಲೈನ್ ಲೋಕದಲ್ಲಿ ಇಡಬೇಡಿ, ಮನೆಯವರು, ಊರಿನವರು ಒಪ್ಪಿದ್ರೂ ನಾಲ್ಕು ಸಲ ಯೋಚನೆ ಮಾಡಿ. ಯಾಕಂದ್ರೆ ಈ ನಾಲ್ಕರಲ್ಲಿ ಯಾವ ಜಾಗವೂ ಕಾಪಿ ಆಗದ ಹಾಗೆ ಪೂರ್ತಿ ಕಾಯುದಿಲ್ಲ. ಸೆಕೆಂಡ್ ಲೈಫಲ್ಲಿ ನೋ ಕಾಪಿ, ನೋ ಟ್ರಾನ್ಸ್‌ಫರ್ ಅಂತ ಹಾಕಬಹುದು, ಆದ್ರೂ ಕದಿಯುವ ಸಾಫ್ಟ್‌ವೇರ್ ಉಂಟು. ನಿಮ್ಮ ಪೇಜಲ್ಲಿಟ್ಟ ಜಿಎಲ್‌ಬಿಯನ್ನು ಗೊತ್ತಿದ್ದವ ಒಂದು ನಿಮಿಷದಲ್ಲಿ ಇಳಿಸ್ಕೊಳ್ತಾನೆ. ನಾಳೆ ಅದೇ ಮೊಗ ಯಾರದ್ದೋ ಅವತಾರದ ತಲೆ ಮೇಲೆ ಕುಣೀತಾ ಇದ್ರೆ ತೆಗೆಸ್ಲಿಕ್ಕೆ ಆಗುದಿಲ್ಲ. ಅದರಿಂದ ಪ್ರೇರಣೆ ತಗೊಂಡು ನಿಮ್ಮದೇ ರೂಪ ಮಾಡಿ, ಅದರಲ್ಲಿಯೇ ಕಲಾವಿದನ ಕೆಲಸ ಇರುದು.

ಇನ್ನು ಎಲ್ಲಿ ಇಟ್ರೂ ಮೂಲ ಫೈಲ್ ನಿಮ್ಮ ಮನೆಯ ಹಾರ್ಡ್ ಡಿಸ್ಕಲ್ಲಿ ಇರಲಿ, ಅದೂ ಎರಡು ಕಡೆ. ಇಂಥ ಜಾಗಗಳು ಮುಚ್ಚುದೂ ಉಂಟು, ಗೂಗಲಿನ ಪಾಲಿ ಅನ್ನುವ ಮಾಡೆಲ್ ಸೈಟ್ 2021ರ ಜೂನ್ 30ಕ್ಕೆ ಮುಚ್ಚಿತು. ಮೈಕ್ರೋಸಾಫ್ಟಿನ ವಿಆರ್ ಲೋಕ ಆಲ್ಟ್‌ಸ್ಪೇಸ್ 2023ರ ಮಾರ್ಚ್ 10ಕ್ಕೆ. ಬ್ರೌಸರಲ್ಲೇ ಓಡುತ್ತಿದ್ದ ಲೋಕ ಮೊಝಿಲ್ಲಾ ಹಬ್ಸ್ 2024ರ ಮೇ 31ಕ್ಕೆ, ಅದರ ಕೋಡನ್ನು ಬೇರೆಯವರು ಮುಂದುವರಿಸ್ತಿದ್ದಾರೆ ಅಷ್ಟೆ. ತ್ರಿಕೋನ ಕಮ್ಮಿ ಮಾಡಿದ ಮೆಶ್ ಮಾತ್ರ ಉಳಿಸಿದ್ರೆ ಸಾಲುದಿಲ್ಲ, ಪೂರ್ತಿ ವಿವರದ ಕೆತ್ತನೆಯ ಫೈಲ್, ಟೆಕ್ಸ್ಚರ್, ಪ್ರದರ್ಶನದ ಒಂದು ವಿಡಿಯೋ, ಇವಿಷ್ಟು ಇರಬೇಕು, ಇನ್ನೊಂದು ಲೋಕಕ್ಕೆ ಹೋಗ್ವಾಗ ಪೂರ್ತಿ ವಿವರದ್ದರಿಂದಲೇ ಹೊಸದಾಗಿ ಇಳಿಸ್ಬೇಕಾಗ್ತದೆ.

ಒಟ್ಟು ನನ್ನ ಮಾತು ಕೇಳುದಾದ್ರೆ, ಸಾಧಾರಣ ಲ್ಯಾಪ್‌ಟಾಪ್ ಇರುವ ಒಬ್ಬ ವಿದ್ಯಾರ್ಥಿ ಬ್ಲೆಂಡರ್ ಮತ್ತೆ ಬ್ರೌಸರ್ ಪೇಜಿಂದ ಶುರು ಮಾಡ್ಲಿ, ಐದಾರು ಶಿಲ್ಪ ಆದ ಮೇಲೆ ಸೆಕೆಂಡ್ ಲೈಫಿಗೆ ಹೋಗ್ಲಿ. ಯೂನಿಟಿ ಮೊದಲೇ ಗೊತ್ತಿದ್ದವರು ನೇರ ವಿಆರ್‌ಚಾಟ್. ಉದ್ಘಾಟನೆಗೆ ಸಮಯ ಇಡ್ವಾಗ ಮಾತ್ರ ಗಮನ, ಸೆಕೆಂಡ್ ಲೈಫಿನ ಗಡಿಯಾರ ಅಮೆರಿಕದ ಪಶ್ಚಿಮ ಕರಾವಳಿಯದ್ದು. ನಮ್ಮ ಭಾನುವಾರ ರಾತ್ರಿ 9 ಗಂಟೆಗೆ ಇಟ್ರೆ ಯುರೋಪಲ್ಲಿ ಸಂಜೆ ಆಗಿರ್ತದೆ, ಅಮೆರಿಕದಲ್ಲಿ ಬೆಳಿಗ್ಗೆ, ನಮ್ಮವರೂ ಊಟ ಮುಗಿಸಿ ಕೂತಿರ್ತಾರೆ, ಮೂರೂ ಕಡೆಯವರು ಬರ್ಲಿಕ್ಕೆ ಆಗುವ ಹೊತ್ತು ಅದು.